ಯಾರ ಕಡೆಯಿಂದ ಬಂತು?

ಮಗಳಿಗೆ ಎರಡು ತುಂಬಿದಾಗ ಲಸಿಕೆಗೆಂದು ಹೋಗಿದ್ದೆವು. ಇಲ್ಲಿ ಪುಣೆಯಲ್ಲಿ ನಾವು ತೋರಿಸುವ ಮಕ್ಕಳ ಡಾಕ್ಟರು ಅವಳ ಅಂಗಿ ಎತ್ತಿ, ಸಣ್ಣ ಸ್ಕೇಲ್ ಹಿಡಿದು, ಬೆನ್ನು, ಹೊಟ್ಟೆ, ತೊಡೆಗಳ ಮೇಲಿನ ಕಂದು ಮಚ್ಚೆಗಳನ್ನು ಒಂದೊಂದಾಗಿ ಅಳೆಯತೊಡಗಿದರು. ಏಳಿದ್ದವು. ಅಲ್ಲಿಯವರೆಗೂ ಅವು ನಮಗೆ ಬರೀ ಹುಟ್ಟುಮಚ್ಚೆಗಳು. ಧಾರವಾಡದಿಂದ ಬಂದಾಗಲೆಲ್ಲ ಎಣ್ಣೆ ಹಚ್ಚಿ ಎರೆಯುತ್ತಿದ್ದ ನಮ್ಮವ್ವನಿಗೆ ಅವು ಅದೃಷ್ಟದ ಗುರುತು.

ಹಾಲು ಬೆರೆಸಿದ ಕಾಫಿಯ ಬಣ್ಣದವೆಂದು ಇವಕ್ಕೆ ಕೆಫೆ-ಒ-ಲೇ ಎಂಬ ಫ್ರೆಂಚ್ ಹೆಸರು. ಒಂದೆರಡು ಇದ್ದರೆ ಚಿಂತೆಯಿಲ್ಲ, ಎಷ್ಟೋ ಜನರಿಗೆ ಇರುತ್ತವೆ. ಆದರೆ ಮಕ್ಕಳಲ್ಲಿ 5 ಮಿ.ಮೀ.ಗಿಂತ ದೊಡ್ಡವು ಆರು ಅಥವಾ ಹೆಚ್ಚು ಕಂಡರೆ ನ್ಯೂರೋಫೈಬ್ರೊಮಟೋಸಿಸ್‌ನ ಒಂದನೆಯ ಬಗೆ ಇರಬಹುದೇ ಎಂದು ನೋಡಬೇಕಾಗುತ್ತದೆ. ಹುಟ್ಟುವ ಸುಮಾರು 3000 ಮಕ್ಕಳಲ್ಲಿ ಒಬ್ಬರಿಗೆ ಇದು ಬರುತ್ತದೆ. ಮೂಲ 17ನೇ ಕ್ರೋಮೋಸೋಮಿನ ಒಂದು ಜೀನ್‌ನಲ್ಲಿದೆ. ನರಗಳ ಮೇಲೆ ಗಂಟು ಬೆಳೆಯಬಹುದು, ಕಲಿಕೆ ತೊಡಕಾಗಬಹುದು, ಕಣ್ಣಿನ ನರದಲ್ಲಿ ಗಡ್ಡೆಯಾಗಬಹುದು. ಅಥವಾ ಬದುಕಿಡೀ ಮಚ್ಚೆಗಳ ಆಚೆ ಹೆಚ್ಚೇನೂ ಆಗದಿರಬಹುದು. ಒಂದೇ ಮನೆಯ ಇಬ್ಬರಲ್ಲೂ ಬೇರೆ ಬೇರೆ.

ಆ ರಾತ್ರಿ ನಾನು ಮಾಡಿದ್ದನ್ನು ಹೇಳಲು ನಾಚಿಕೆ. ಕನ್ನಡಿಯ ಮುಂದೆ ಅಂಗಿ ಬಿಚ್ಚಿ ನನ್ನ ಮೈಯೆಲ್ಲ ಹುಡುಕಿಕೊಂಡೆ. ಏನೂ ಇರಲಿಲ್ಲ. ನಿರಾಳವಾಯಿತು. ಮರುಕ್ಷಣವೇ ಮಲಗಿದ್ದ ಹೆಂಡತಿಯತ್ತ ಕಣ್ಣು ಹೋಯಿತು. ಆಫೀಸಿನಲ್ಲಿ ಸರ್ವರ್ ಬಿದ್ದರೆ ‘ಯಾರ ತಪ್ಪು ಅಂತ ಮೊದಲು ಕೇಳಬೇಡಿ’ ಎಂದು ತಂಡಕ್ಕೆ ಪಾಠ ಹೇಳುವವನು ನಾನೇ. ಈ ಕಾಯಿಲೆಯವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಜೀನ್‌ನ ಬದಲಾವಣೆ ಅಪ್ಪನಿಂದಲೂ ಬಂದದ್ದಲ್ಲ, ಅಮ್ಮನಿಂದಲೂ ಅಲ್ಲ, ಹೊಸದಾಗಿ ಆದದ್ದು ಎಂದು ಆಮೇಲೆ ಓದಿದೆ. ಓದುವ ಮೊದಲೇ ನನ್ನ ಮನಸ್ಸು ತನಿಖೆ ಮುಗಿಸಿತ್ತು.

ನಾಲ್ಕನೇ ವರ್ಷಕ್ಕೆ ಅವಳ ಕಂಕುಳಲ್ಲಿ ಸಣ್ಣ ಚುಕ್ಕೆಗಳು ಮೂಡಿದವು, ಜೀನ್ ಪರೀಕ್ಷೆಯೂ ಅದನ್ನೇ ಹೇಳಿತು. “ಹೆಣ್ಣು ಕೂಸು, ಯಾರ ಮುಂದೂ ಆಡಬ್ಯಾಡ್ರಿ, ನಾಳೆ ಲಗ್ನಕ್ಕ ತ್ರಾಸ ಆಕ್ಕೈತಿ” ಎಂದಳು ಅವ್ವ. ನನಗೆ ಸಿಟ್ಟು ಬಂತು. ಮುಚ್ಚಿಡಲು ಇದೇನು ಕಳ್ಳತನವೇ ಎಂದು ಹಟದಿಂದ ಗೆಳೆಯರಿಗೆ, ಆಫೀಸಿನವರಿಗೆ ಹೇಳಿದೆ. ಧೈರ್ಯ ಎಂದುಕೊಂಡಿದ್ದೆ. ಅವ್ವನಿಗೆ ಮದುವೆಯ ಚಿಂತೆ, ನನಗೆ ನನ್ನ ಪ್ರಗತಿಪರತೆಯ ಚಿಂತೆ. ಅವಳ ಮಕ್ಕಳಿಗೆ ಇದು ಬರುವ ಸಾಧ್ಯತೆ ಅರ್ಧಕ್ಕರ್ಧ ನಿಜ. ಅದನ್ನು ಯಾರಿಗೆ, ಎಂದು, ಹೇಗೆ ಹೇಳಬೇಕೆಂಬುದು ಅವಳದು. ನಾವಿಬ್ಬರೂ ಅವಳ ಕೈಯಿಂದ ಅದನ್ನು ಕಿತ್ತುಕೊಂಡಿದ್ದೆವು.

ಈಗ ಅವಳಿಗೆ ಹತ್ತು. ಪ್ರತಿ ವರ್ಷ ಕಣ್ಣು ತೋರಿಸುತ್ತೇವೆ, ರಕ್ತದೊತ್ತಡ ನೋಡುತ್ತಾರೆ. ಈ ಸಲ ವಾಪಸ್ ಬರುವಾಗ ರಿಕ್ಷಾದಲ್ಲಿ ಕೇಳಿದಳು, “ಅಪ್ಪಾ, ಅವರು ಏನ ಹುಡುಕ್ತಾರ?” ಸುಮ್ಮನೆ ಚೆಕಪ್ ಎನ್ನಲು ಬಾಯಿ ತೆರೆದವನು ತಡೆದು, ಕಾಯಿಲೆಯ ಹೆಸರು ಹೇಳಿದೆ. ಎರಡು ಸಲ ಉಚ್ಚರಿಸಿ ನೋಡಿ ನಕ್ಕಳು. ಆಮೇಲೆ, “ಅಜ್ಜಿಗೆ ಗೊತ್ತೈತೇನು?”

“ಹೂಂ.”

“ನಿನ್ನ ಆಫೀಸಿನವರಿಗೆ?”

“ಗೊತ್ತು.”

“ನನಗಷ್ಟೇ ಗೊತ್ತಿರಲಿಲ್ಲಾ?”

ಇದನ್ನು ಕಳಿಸುವ ಮುನ್ನ ಅವಳಿಗೆ ಓದಿ ಹೇಳಿದೆ. ಹತ್ತು ವರ್ಷದವಳ ಒಪ್ಪಿಗೆ ಎಂಥ ಒಪ್ಪಿಗೆ ಎಂದು ಹೆಂಡತಿ ಕೇಳಿದ್ದು ಸರಿಯೇ. ಮಗಳು ಒಂದು ವಾಕ್ಯ ಬೇಡ ಎಂದಳು. ತೆಗೆದಿದ್ದೇನೆ.