ಒತ್ತಡ ಕೊಡುವುದೇನು?

‘ಒತ್ತಡ ಬಿದ್ದರೇನೇ ಮನುಷ್ಯ ಗಟ್ಟಿಯಾಗುವುದು’ ಎಂಬುದು ನಮ್ಮ ಐಟಿ ಕಚೇರಿಗಳ ವೇದವಾಕ್ಯ. ಪ್ರಾಜೆಕ್ಟ್ ಮ್ಯಾನೇಜರ್ ಆದ ನನಗೆ ಈ ಮಾತು ತುಂಬ ಅನುಕೂಲದ್ದು. ಅದಕ್ಕೇ ಅದರ ಮೇಲೆ ನನಗೆ ಅನುಮಾನ. ಅದನ್ನು ಒರೆಗೆ ಹಚ್ಚಲು ಗ್ರಹಗಳತ್ತ ನೋಡಬಹುದು.

ಸೂರ್ಯನಿಂದ ವಿದ್ಯುದಾವೇಶದ ಕಣಗಳ ಗಾಳಿ ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ ಸದಾ ಬೀಸುತ್ತಿರುತ್ತದೆ. ಭೂಮಿಯ ಕಾಂತಕ್ಷೇತ್ರ ಅದನ್ನು ಭೂತ್ರಿಜ್ಯದ ಹತ್ತು ಪಟ್ಟು ದೂರದಲ್ಲೇ ತಡೆಯುತ್ತದೆ. ಹಗಲಿನ ಕಡೆ ಅಮುಕಿಸಿಕೊಂಡು ಮೊಂಡಾದ ಕ್ಷೇತ್ರ, ಇರುಳಿನ ಕಡೆ ಉದ್ದ ಬಾಲ ಚಾಚಿದೆ. ಈ ಆಕಾರ ಗಾಳಿ ಕೊಟ್ಟದ್ದು, ನಿಜ. ಆದರೆ ಆ ಗಡಿಯನ್ನು ಅರ್ಧ ದೂರಕ್ಕೆ ತಳ್ಳಬೇಕಾದರೆ ಒತ್ತಡ ಸುಮಾರು 64 ಪಟ್ಟು ಹೆಚ್ಚಬೇಕು. ಒಳಗೆ ಸರಿದಷ್ಟೂ ಕ್ಷೇತ್ರ ಬಲವಾಗುತ್ತದೆ. ಆ ಬಲದ ಮೂಲ ಗಾಳಿಯಲ್ಲ, ಭೂಮಿಯ ಒಡಲಲ್ಲಿ ಹೊರಳಾಡುವ ಕರಗಿದ ಕಬ್ಬಿಣ.

1999ರ ಮೇ 11ರ ಸುಮಾರಿಗೆ ಈ ಗಾಳಿ ಹೆಚ್ಚುಕಡಿಮೆ ನಿಂತೇಹೋಯಿತು. ಸಾಂದ್ರತೆ ಎಂದಿನ ಶೇ. 2ರಷ್ಟಕ್ಕೆ ಇಳಿಯಿತು. ಒತ್ತಡವೇ ಬಲದ ತಾಯಿಯಾಗಿದ್ದರೆ ಕ್ಷೇತ್ರ ಸೊರಗಬೇಕಿತ್ತು. ಬದಲಿಗೆ ಅದು ಹಿಗ್ಗಿತು. ಅದರ ಮುಂದಿನ ಆಘಾತದ ಅಲೆ ಚಂದ್ರನ ಕಕ್ಷೆಯವರೆಗೆ ಹೋಯಿತು.

ಮಂಗಳನ ಕಥೆ ಬೇರೆ. ಇಡೀ ಗ್ರಹವನ್ನು ಕಾಯುವ ಕ್ಷೇತ್ರ ಅಲ್ಲಿ ಸುಮಾರು 400 ಕೋಟಿ ವರ್ಷಗಳ ಹಿಂದೆಯೇ ಆರಿಹೋಯಿತು. ಈಗ ಇರುವುದು ಬಹುಪಾಲು ಗಾಳಿಯೇ ಅದರ ಮೇಲ್ವಾತಾವರಣಕ್ಕೆ ಸುತ್ತಿಕೊಂಡು ಉಂಟುಮಾಡಿದ ತೆಳು ಹೊದಿಕೆ. ಅದರ ಅನಿಲ ಇಂದಿಗೂ ಸೋರುತ್ತಿರುವುದನ್ನು ಮೇವೆನ್ ನೌಕೆ ಅಳೆದಿದೆ.

ಗ್ರಹಗಳು ನೀತಿ ಬೋಧಿಸುವುದಿಲ್ಲ, ಒಪ್ಪುತ್ತೇನೆ. ಬೀಸದೇ ಇರುವ ಆಯ್ಕೆ ಗಾಳಿಗಿಲ್ಲ, ನಮಗಿದೆ. ಪ್ರಶ್ನೆ ಹುಟ್ಟುವುದೇ ಅಲ್ಲಿ. ಕಠಿಣ ಡೆಡ್‌ಲೈನ್ ದಾಟಿದವನನ್ನು ತೋರಿಸಿ ‘ನೋಡಿ, ಒತ್ತಡ ಅವನನ್ನು ಬೆಳೆಸಿತು’ ಎನ್ನುತ್ತೇವೆ. ಅವನನ್ನು ತಾಳಿಸಿದ್ದು ಮನೆ, ಗೆಳೆಯರು, ನಿದ್ದೆ, ಹತ್ತು ವರ್ಷದ ಕಲಿಕೆ. ಅದರ ಶ್ರೇಯಸ್ಸನ್ನು ಒತ್ತಿದವನು ತೆಗೆದುಕೊಳ್ಳುವುದು ಅನ್ಯಾಯ. ಸೋರಿಹೋದವರನ್ನಂತೂ ಯಾರೂ ಉದಾಹರಣೆಗೆ ಕರೆಯುವುದಿಲ್ಲ.

ಹಾಗಾದರೆ ಯಾರ ಮೇಲೂ ಹೊರೆ ಹಾಕಬಾರದೆ? ಹಾಕದೆ ಕೆಲಸ ನಡೆಯದು, ಕಲಿಕೆಯೂ ಆಗದು. ಆದರೆ ಯಾರ ಒಳಗೆ ಎಷ್ಟು ಕಬ್ಬಿಣವಿದೆಯೆಂದು ಹೊರಗಿನಿಂದ ಕಾಣದು. ಕಾಣದ ಮೇಲೆ, ಅಳೆದು ಹಾಕುವ ಹೊಣೆ ಹಾಕುವವನದು. ಗಾಳಿಯನ್ನು ತಡೆಯಲಾಗದ ನಾವೇ ಅದನ್ನು ಮೊದಲೇ ಅಳೆಯಲೆಂದು 15 ಲಕ್ಷ ಕಿಲೋಮೀಟರ್ ದೂರದಲ್ಲಿ ಆದಿತ್ಯ-ಎಲ್1 ನಿಲ್ಲಿಸಿದ್ದೇವೆ. ಎದುರಿನ ಮೇಜಿನಲ್ಲಿ ಕೂತವನನ್ನು ‘ಇನ್ನೂ ತಾಳಬಲ್ಲೆಯಾ?’ ಎಂದು ಕೇಳಲು ಅಷ್ಟು ದೂರ ಹೋಗಬೇಕಿಲ್ಲ.