ಉಸಿರಿನ ದಾರಿಯ ಮದ್ದು

(ಬ್ರಹ್ಮಾವರದ ಒಂದು ಮನೆ. ಬೈಂದೂರಿನ ನಿವೃತ್ತ ವಿಜ್ಞಾನ ಮೇಷ್ಟ್ರು ಮತ್ತು ಅವರ ತಂಗಿಯ ಮಗಳು, ಐಸಿಯು ವೈದ್ಯೆ. ಕುಂದಾಪುರದ ನೆಂಟರೊಬ್ಬರು ವೆಂಟಿಲೇಟರಿನಲ್ಲಿದ್ದಾರೆ.)

ಮಾವ: ಕೀಟಾಣು ಕೂತದ್ದು ಶ್ವಾಸಕೋಶದಲ್ಲಿ, ಮದ್ದು ಹಾಕುದು ಕೈಯ ನರಕ್ಕೆ. ಅದು ಮೈಯೆಲ್ಲ ಸುತ್ತಿ, ಕಿಡ್ನಿಯನ್ನೂ ಕೆಡಿಸಿ, ಆಮೇಲೆ ಅಲ್ಲಿಗೆ ಹೋಯ್ಕಾ? ನೇರ ಉಸ್ರಲ್ಲೇ ಕೊಟ್ರೆ ಆತಿಲ್ಯಾ ಮರಾಯ್ತಿ?

ವೈದ್ಯೆ: ಕೊಡ್ಲಿಕ್ಕಾಗ್ತದೆ ಮಾವ. ಕೊಲಿಸ್ಟಿನ್, ಅಮಿಕಾಸಿನ್ ಎಂಬ ಆಂಟಿಬಯೋಟಿಕ್ ಎರಡನ್ನೂ ನೆಬ್ಯುಲೈಸರಿನಲ್ಲಿ ಸಣ್ಣ ಹನಿ ಮಾಡಿ ಉಸಿರಿನ ಜೊತೆ ಕೊಡುವುದುಂಟು.

ಮಾವ: ಹಂಗಾರೆ ಕೊಡಿ.

ವೈದ್ಯೆ: ಹನಿ ಒಂದರಿಂದ ಐದು ಮೈಕ್ರಾನ್ ಇರಬೇಕು. ದೊಡ್ಡದಾದರೆ ಕೊಳವೆಗೇ ಅಂಟಿಕೊಳ್ತದೆ. ಉಸಿರು ಹೊರಗೆ ಬರುವ ಕಡೆಯ ಫಿಲ್ಟರ್ ಮದ್ದಿನಿಂದ ಕಟ್ಟಿಕೊಳ್ತದೆ, ಸಿಸ್ಟರ್ ನೋಡಿ ಬದಲಿಸದಿದ್ದರೆ ರೋಗಿಗೆ ಉಸಿರು ಬಿಡಲಿಕ್ಕಾಗದು. ಕೆಲವರಿಗೆ ಶ್ವಾಸನಾಳವೇ ಬಿಗಿಯುತ್ತದೆ.

ಮಾವ: ಅದು ಕೈಕೆಲಸದ ತಾಪತ್ರಯ. ನಾನು ಕೇಂಡದ್ದು ತತ್ವ. ಬೇಕಾದ ಜಾಗಕ್ಕೆ ಮುಟ್ಟಿದ ಮೇಲೆ ಫಲ ಬರ್ಲೇಬೇಕಲ್ದಾ?

ವೈದ್ಯೆ: ಎಲ್ಲರೂ ಹಾಗೇ ನಂಬಿದ್ದರು. ನರದಿಂದ ಕೊಟ್ಟ ಕೊಲಿಸ್ಟಿನ್ ಶ್ವಾಸಕೋಶಕ್ಕೆ ಇಳಿಯುವುದು ಕಡಿಮೆ, ಉಸಿರಲ್ಲಿ ಕೊಟ್ಟರೆ ಕಫದಲ್ಲಿ ಹತ್ತಾರು ಪಾಲು ಹೆಚ್ಚು ಸಿಗ್ತದೆ. ಲೆಕ್ಕ ಎಷ್ಟು ಚೆಂದ! ಆದರೆ ನ್ಯುಮೋನಿಯಾದಲ್ಲಿ ಹೆಚ್ಚು ಕೆಟ್ಟ ಭಾಗದಲ್ಲೇ ಕೀವು ತುಂಬಿ ಗಾಳಿ ನಿಂತಿರುತ್ತದೆ. ತೋಡು ಮುಚ್ಚಿದ ಗದ್ದೆಗೆ ನೀರು ಬಿಟ್ಟ ಹಾಗೆ, ಮದ್ದು ಹೋಗುವುದು ಚೆನ್ನಾಗಿರುವ ಕಡೆಗೇ. ಅಮಿಕಾಸಿನ್ ಬಗ್ಗೆ ‘ಇನ್ಹೇಲ್’ ಎಂಬ ಪರೀಕ್ಷೆ ನಡೆಯಿತು. ವೆಂಟಿಲೇಟರಿನಲ್ಲಿದ್ದ 700ಕ್ಕೂ ಹೆಚ್ಚು ರೋಗಿಗಳಿಗೆ ಇಂಜೆಕ್ಷನ್ ಜೊತೆ ಉಸಿರಿನ ಮದ್ದೋ, ಬರೀ ಉಪ್ಪು ನೀರಿನಂಥದ್ದೋ ಕೊಟ್ಟು ನೋಡಿದರು. ಲೆಕ್ಕಕ್ಕೆ ತೆಗೆದುಕೊಂಡವರಲ್ಲಿ ಮದ್ದು ಸೇದಿದವರು ಉಳಿದದ್ದು 100ಕ್ಕೆ 75, ಸೇದದವರು 77. ಮುಟ್ಟಿತು ಅಂದರೆ ಬದುಕಿಸಿತು ಅಂತ ಅರ್ಥವಲ್ಲ.





ಮಾವ: ಹಂಗಾರೆ ಉಸಿರಿನ ಮದ್ದು ದಂಡವೇ?

ವೈದ್ಯೆ: ಹಾಗೆ ಹೇಳಲಾರೆ. ಫ್ರಾನ್ಸಿನಲ್ಲಿ ವೆಂಟಿಲೇಟರಿನಲ್ಲಿದ್ದವರಿಗೆ ಕಾಯಿಲೆ ಬರುವ ಮೊದಲೇ ಮೂರು ದಿನ ಉಸಿರಲ್ಲಿ ಅಮಿಕಾಸಿನ್ ಕೊಟ್ಟರು. 2023ರಲ್ಲಿ ಫಲಿತಾಂಶ ಬಂತು: ನ್ಯುಮೋನಿಯಾ ಶೇ. 22ರಿಂದ 15ಕ್ಕೆ ಇಳಿದಿತ್ತು.

ಮಾವ: ಕಾಣ್!

ವೈದ್ಯೆ: ಸಾವು ಇಳಿಯಿತು ಅಂತ ಅದು ತೋರಿಸಲಿಲ್ಲ. ಮತ್ತೆ, ರೋಗವೇ ಇಲ್ಲದವರಿಗೂ ಮದ್ದು ಕೊಡುತ್ತಾ ಹೋದರೆ ಕೀಟಾಣು ಅದಕ್ಕೆ ಬಗ್ಗದ ಹಾಗಾಗ್ತದೆ; ನಾಳೆ ಅದೇ ಮಂಚಕ್ಕೆ ಬರುವವನಿಗೆ ಏನು ಉಳಿಸಿದ ಹಾಗಾಯ್ತು?

ಮಾವ: ನಾಳೆಯವನು ಇನ್ನೂ ಬರ್ಲಿಲ್ಲ. ಇವತ್ತಿನವನು ನಮ್ಮವ. ಅವನ ಕೀಟಾಣು ಕೊಲಿಸ್ಟಿನ್ನಿಗೆ ಮಾತ್ರ ಬಗ್ಗುದಂತೆ. ದೊಡ್ಡವರು ಎಂತ ಹೇಳ್ತ್ರು?

ವೈದ್ಯೆ: ಅಮೆರಿಕದ ಸೋಂಕುರೋಗ ತಜ್ಞರ ಸಂಘ 2016ರಲ್ಲಿ, ಇಂಥವರಿಗೆ ಇಂಜೆಕ್ಷನ್ ಜೊತೆ ಉಸಿರಿನದ್ದೂ ಇರಲಿ ಅಂದಿತ್ತು. ಅದೇ ಸಂಘ ಆಮೇಲೆ ಬೇಡ ಅಂತು.

ಮಾವ: ನಿನ್ನ ಅಪ್ಪಯ್ಯನೇ ಆ ಮಂಚದಲ್ಲಿದ್ದಿದ್ರೆ?

ವೈದ್ಯೆ: ತೀರ್ಮಾನ ಬೇರೆ ಡಾಕ್ಟರಿಗೆ ಬಿಡ್ತಿದ್ದೆ.

ಮಾವ: ಅದು ಉತ್ತರ ಅಲ್ಲ.

ವೈದ್ಯೆ: ಅಲ್ಲ.