ಇಳಿಯುವ ಮೊದಲೇ ಏರುವ ಲೆಕ್ಕ

ಅಮೆರಿಕದ ಕನ್ನಡ ಮನೆಗಳಲ್ಲಿ ಬೇಸಿಗೆ ಎಂದರೆ ಊರಿನವರು ಬರುವ ಕಾಲ. ಮಕ್ಕಳ ಶಾಲೆಗೆ ರಜೆ ಸಿಗುವುದೂ ಆಗಲೇ, ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಅಪ್ಪ ಅವ್ವಂದಿರು ನಾಲ್ಕಾರು ತಿಂಗಳ ಮಟ್ಟಿಗೆ ಬಂದು ಇಳಿಯುವುದೂ ಆಗಲೇ. ಅಷ್ಟು ದೂರದಿಂದ ಬಂದವರನ್ನು ಮನೆಯೊಳಗೇ ಕೂರಿಸುವುದು ಸರಿಯಲ್ಲವೆಂದು ಲಾಸ್ ವೇಗಸ್‌ಗೆ ಟಿಕೆಟ್ ತೆಗೆದು, ಅಲ್ಲಿಂದ ವ್ಯಾನ್ ಬಾಡಿಗೆಗೆ ಹಿಡಿದು, ಯೂಟಾ ಮತ್ತು ಅರಿಜೋನಾದ ರಾಷ್ಟ್ರೀಯ ಉದ್ಯಾನಗಳನ್ನು ಸುತ್ತಿಸುವುದು ಈಗ ರೂಢಿಯಾಗಿದೆ. ಹೊರಡುವ ಮುಂಚೆ ಹೋಟೆಲು, ಊಟ, ಪೆಟ್ರೋಲು ಎಲ್ಲದರ ಲೆಕ್ಕವೂ ಆಗುತ್ತದೆ. ಯಾವ ಕಾಲುದಾರಿಯಲ್ಲಿ ಎಷ್ಟು ದೂರ ನಡೆಯಬೇಕು ಎಂಬುದನ್ನು ಮಾತ್ರ ‘ಅಲ್ಲಿಗೆ ಹೋದ ಮೇಲೆ ನೋಡಿಕೊಳ್ಳೋಣ’ ಎಂದು ಬಿಟ್ಟುಬಿಡುತ್ತೇವೆ. ಆದರೆ ಮನೆಯಲ್ಲೇ ಕೂತು ತೀರ್ಮಾನಿಸಬೇಕಾದ ಮೊದಲ ಸಂಗತಿ ಅದು. ಮರುಭೂಮಿಯ ಕ್ಯಾನ್ಯನ್‌ಗಳಲ್ಲಿ, ಎಂದರೆ ಆಳದ ಕಮರಿಗಳಲ್ಲಿ, ಗಿಡ್ಡದಾದ, ಎಲ್ಲರಿಗೂ ಕೈಗೂಡುವ ನಡಿಗೆಯನ್ನು ಆರಿಸಿಕೊಳ್ಳುವುದು ಆಗದವರ ಸಮಾಧಾನವಲ್ಲ. ಆ ನೆಲದ ಗುಣವನ್ನು ಬಲ್ಲವರು ತೆಗೆದುಕೊಳ್ಳುವ ತೀರ್ಮಾನವೇ ಅದು ಎಂದು ನಾನು ನಂಬುತ್ತೇನೆ. ಅದಕ್ಕೆ ಕಾರಣಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯ ಕಾರಣ ನಮ್ಮ ಕಾಲುಗಳ ಅಭ್ಯಾಸ. ನಾವು ಬೆಟ್ಟದ ನಾಡಿನವರು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಾಗಲಿ, ಶ್ರವಣಬೆಳಗೊಳದ ವಿಂಧ್ಯಗಿರಿಯಾಗಲಿ, ಪಾಂಡವಪುರದ ಕುಂತಿ ಬೆಟ್ಟವಾಗಲಿ, ಎಲ್ಲೆಡೆ ಕಷ್ಟ ಮೊದಲು, ಸುಖ ಆಮೇಲೆ. ಅರ್ಧಕ್ಕೆ ಉಸಿರು ಕಟ್ಟಿದರೆ ಕೂತು ಸುಧಾರಿಸಿಕೊಂಡು ಇಳಿದುಬಿಡಬಹುದು, ಇಳಿಯುವುದಕ್ಕೆ ಅಷ್ಟೇನೂ ದಮ್ಮು ಬೇಡ. ಸುಸ್ತು ಅಲ್ಲಿ ಸಕಾಲಕ್ಕೆ ಎಚ್ಚರಿಸುತ್ತದೆ. ಕ್ಯಾನ್ಯನ್‌ನಲ್ಲಿ ಈ ಕ್ರಮವೇ ತಲೆಕೆಳಗು. ಬೆಳಗಿನ ತಂಪಿನಲ್ಲಿ, ಮೈಯಲ್ಲಿ ಶಕ್ತಿ ತುಂಬಿರುವಾಗ, ದಾರಿ ತಾನಾಗಿಯೇ ಕೆಳಗೆ ಕರೆದುಕೊಂಡು ಹೋಗುತ್ತದೆ. ‘ಇನ್ನೊಂದು ತಿರುವು ನೋಡಿ ಬರೋಣ’ ಎನ್ನುವುದಕ್ಕೆ ಏನೂ ಖರ್ಚಾದಂತೆ ಕಾಣುವುದಿಲ್ಲ. ಸುಸ್ತು ಗೊತ್ತಾಗುವ ಹೊತ್ತಿಗೆ ಬಿಸಿಲು ಏರಿರುತ್ತದೆ, ಮಂಡಿ ಸೋತಿರುತ್ತದೆ, ಬಾಟಲಿಯ ನೀರು ತಳ ಕಂಡಿರುತ್ತದೆ, ಬಂದಷ್ಟನ್ನೂ ಹತ್ತುವುದು ಬಾಕಿ ಇರುತ್ತದೆ. ಗ್ರ್ಯಾಂಡ್ ಕ್ಯಾನ್ಯನ್‌ನ ಒಳಗಿನಿಂದ ಪ್ರತಿ ವರ್ಷ 250ಕ್ಕೂ ಹೆಚ್ಚು ಜನರನ್ನು ರಕ್ಷಿಸಿ ಮೇಲಕ್ಕೆ ತರಬೇಕಾಗುತ್ತದೆ ಎಂದು ಉದ್ಯಾನದವರೇ ಹೇಳುತ್ತಾರೆ. ಅವರೆಲ್ಲ ಅವಿವೇಕಿಗಳಾಗಿರಲಾರರು. ದೇಹ ಕೊಡುವ ಎಚ್ಚರಿಕೆ ತಡವಾಗಿ ಬರುವ ಜಾಗ ಅದು.

ಎರಡನೆಯ ಕಾರಣ ಎತ್ತರ ಮತ್ತು ಬಿಸಿಲು. ಮದ್ದೂರು, ಮಂಡ್ಯದ ನೆಲ ಸಮುದ್ರ ಮಟ್ಟದಿಂದ 700 ಮೀಟರ್ ಒಳಗೇ ಇದೆ. ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಾದ ಸೌತ್ ರಿಮ್ ಸುಮಾರು 2,100 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ 1,930 ಮೀಟರ್. ಎಂದರೆ ಊರಿನಿಂದ ಬಂದ ತಾತ ವ್ಯಾನಿನಿಂದ ಕೆಳಗೆ ಕಾಲಿಟ್ಟ ಕ್ಷಣದಲ್ಲೇ ಮುಳ್ಳಯ್ಯನಗಿರಿಗಿಂತ ಎತ್ತರದಲ್ಲಿ ಉಸಿರಾಡುತ್ತಿರುತ್ತಾರೆ. ಬ್ರೈಸ್ ಕ್ಯಾನ್ಯನ್‌ನ ಅಂಚು ಇನ್ನೂ ಮೇಲೆ, 2,400 ಮೀಟರ್ ದಾಟಿದೆ. ಇಷ್ಟು ಎತ್ತರದಲ್ಲಿ ತಂಪಾಗಿರುತ್ತದೆಂದು ಕೆಳಗೆ ಇಳಿದರೆ ಸೆಕೆ ಹೆಚ್ಚುತ್ತಲೇ ಹೋಗುತ್ತದೆ. ಗ್ರ್ಯಾಂಡ್ ಕ್ಯಾನ್ಯನ್‌ನ ತಳದಲ್ಲಿ ಅಂಚಿಗಿಂತ ಸುಮಾರು 20 ಡಿಗ್ರಿ ಫ್ಯಾರನ್‌ಹೀಟ್ ಹೆಚ್ಚು ತಾಪ, ಜುಲೈ ತಿಂಗಳಲ್ಲಿ ಅಲ್ಲಿ 100 ದಾಟುವುದು ದಿನನಿತ್ಯದ ಮಾತು. ಅದು ಒಣ ಗಾಳಿಯಾದ್ದರಿಂದ ಬೆವರು ಮೈಮೇಲೆ ನಿಲ್ಲದೆ ಆರಿಹೋಗುತ್ತದೆ. ಬೆನ್ನು ಒದ್ದೆಯಾಗದಿದ್ದರೆ ಬೆವರೇ ಬಂದಿಲ್ಲ ಎಂದು ತಿಳಿಯುವುದು ನಮ್ಮ ಊರಿನ ಅಭ್ಯಾಸ. ಇಲ್ಲಿ ನೀರೂ ಉಪ್ಪೂ ದೇಹದಿಂದ ಸದ್ದಿಲ್ಲದೆ ಹೋಗುತ್ತಿರುತ್ತವೆ. ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ ತೆಗೆದುಕೊಳ್ಳುವ ಹಿರಿಯರಿಗೆ ಇದು ಇನ್ನೂ ಬೇಗ ತಟ್ಟುತ್ತದೆ. ಆರ್ಚಸ್ ಉದ್ಯಾನದವರು ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಸುಮಾರು ನಾಲ್ಕು ಲೀಟರ್, ನೀರು ಇರಲಿ ಎನ್ನುವುದು ಇದಕ್ಕೇ. ಬರೀ ನೀರು ಕುಡಿದರೂ ಸಾಲದು, ಜೊತೆಗೆ ಉಪ್ಪಿನಂಶವಿರುವ ತಿನಿಸು ಬೇಕು. ಮದ್ದೂರು ವಡೆ, ಕೋಡುಬಳೆ, ಖಾರದ ಅವಲಕ್ಕಿ ಇಂಥ ಕಡೆ ಬರೀ ಬಾಯಿ ಚಪಲಕ್ಕಲ್ಲ.

ಮೂರನೆಯದು ಹಿಂತಿರುಗುವ ಜಾಗದ ಲೆಕ್ಕ. ಮೊದಲು ನಮ್ಮ ಕಡೆಯದೇ ಒಂದು ಹೋಲಿಕೆ ನೋಡಿ. ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಕಾಮಗಾರಿಯನ್ನು ಎರಡು ಪಾಲು ಮಾಡಿದಾಗ ಗಡಿಯಾದದ್ದು ನಿಡಘಟ್ಟ ಎಂಬ ಊರು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ, ಸುಮಾರು 118 ಕಿಲೋಮೀಟರ್ ಉದ್ದದ ಆ ರಸ್ತೆಯಲ್ಲಿ ನಿಡಘಟ್ಟ ತಲುಪಿದರೆ ದೂರವೂ ಅರ್ಧ ಮುಗಿದಂತೆ, ಹೊತ್ತೂ ಅರ್ಧ ಮುಗಿದಂತೆ. ಕ್ಯಾನ್ಯನ್‌ನ ದಾರಿಯಲ್ಲಿ ದೂರದ ಲೆಕ್ಕದ ನಿಡಘಟ್ಟ ಬೇರೆ, ಶ್ರಮದ ಲೆಕ್ಕದ ನಿಡಘಟ್ಟವೇ ಬೇರೆ. ಇಳಿಯಲು ಹಿಡಿದ ಹೊತ್ತಿನ ಎರಡರಷ್ಟು ಹತ್ತಲು ಬೇಕು ಎನ್ನುವುದು ಅಲ್ಲಿನ ರೇಂಜರ್‌ಗಳು ಎಲ್ಲರಿಗೂ ಹೇಳುವ ಸೂತ್ರ. ಕೈಯಲ್ಲಿ ಮೂರು ಗಂಟೆ ಇದ್ದರೆ ಒಂದು ಗಂಟೆ ಇಳಿದಲ್ಲಿಂದಲೇ ಹಿಂತಿರುಗಬೇಕು, ನೀರಿನ ಮೂರನೇ ಒಂದು ಪಾಲು ಮುಗಿದಲ್ಲಿಂದಲೇ ಹಿಂತಿರುಗಬೇಕು. ಈ ಜಾಗವನ್ನು ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಅಳತೆಯಲ್ಲಿ, ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಬೇಕು. ದಾರಿಯ ಮಧ್ಯೆ ನಿಂತು ಹಿರಿಯರನ್ನು ‘ಆಗುತ್ತಾ?’ ಎಂದು ಕೇಳಿದರೆ ಮಕ್ಕಳ ಖುಷಿಗೆ ಅಡ್ಡ ಬರಬಾರದೆಂದು ‘ಆಗುತ್ತೆ, ನಡೀರಪ್ಪ’ ಎನ್ನುತ್ತಾರೆ. ಅದು ಪ್ರೀತಿಯ ಮಾತು, ಕಾಲಿನ ಮಾತಲ್ಲ.

ಹಾಗಾದರೆ ಯಾವ ದಾರಿಗಳು? ಯೂಟಾದ ಜಯಾನ್ ಉದ್ಯಾನದಲ್ಲಿ ರಿವರ್‌ಸೈಡ್ ವಾಕ್ ಹೋಗಿಬರಲು 2.2 ಮೈಲಿ. ಹಾಸಿದ ದಾರಿ, ಪಕ್ಕದಲ್ಲೇ ವರ್ಜಿನ್ ನದಿ, ಹೆಚ್ಚಿನ ಕಡೆ ಗೋಡೆಯ ನೆರಳು. ಅಲ್ಲಿ ಬಂಡೆಯ ಹತ್ತಿರ ಹೋಗಿ ನೋಡಬೇಕು. ಮೇಲಿನ ಮರಳುಗಲ್ಲಿನೊಳಗೆ ಇಂಗಿದ ಮಳೆನೀರು ಕೆಳಗಿನ ಗಟ್ಟಿ ಪದರ ತಾಗಿದ ಮೇಲೆ ಮುಂದೆ ಇಳಿಯಲಾರದೆ ಗೋಡೆಯಿಂದ ಒಸರುತ್ತದೆ. ಒಸರುವ ಆ ಗೆರೆಯುದ್ದಕ್ಕೂ ಪಾಚಿ, ಜರೀಗಿಡ, ಹೂವು ತೂಗಾಡುತ್ತವೆ. ಎರಡು ಮಾರು ಈಚೆಗೆ ಒಣ ಕೆಂಪು ಕಲ್ಲು. ಮರುಭೂಮಿಯಲ್ಲಿ ಜೀವ ಹೇಗೆ ನೀರನ್ನು ಹಿಡಿದುಕೊಂಡಿದೆ ಎಂದು ಇದಕ್ಕಿಂತ ಚೆನ್ನಾಗಿ ಎಂಟು ಮೈಲಿಯ ದಾರಿಯೂ ಹೇಳಲಾರದು. ಬ್ರೈಸ್‌ನಲ್ಲಿ ಸನ್‌ರೈಸ್ ಪಾಯಿಂಟ್‌ನಿಂದ ಸನ್‌ಸೆಟ್ ಪಾಯಿಂಟ್‌ಗೆ ಅಂಚಿನ ಮೇಲೇ ಅರ್ಧ ಮೈಲಿ ಹಾಸಿದ ದಾರಿ ಇದೆ. ಕ್ಯಾನ್ಯನ್‌ಲ್ಯಾಂಡ್ಸ್‌ನ ಮೇಸಾ ಆರ್ಚ್ ಹೋಗಿಬರಲು ಮುಕ್ಕಾಲು ಮೈಲಿಯೊಳಗೆ. ಆರ್ಚಸ್‌ನಲ್ಲಿ ಡಬಲ್ ಆರ್ಚ್ ಅಷ್ಟೇ ಹತ್ತಿರ. ಹೆಸರಾಂತ ಡೆಲಿಕೇಟ್ ಆರ್ಚ್‌ಗೆ ಮೂರು ಮೈಲಿ, ಸುಮಾರು 480 ಅಡಿ ಏರು, ನೆರಳಿಲ್ಲದ ಬೋಳು ಬಂಡೆ. ಅದು ಬೇಡವೆಂದವರಿಗೆ ವಾಹನ ನಿಲ್ಲಿಸಿದ ಜಾಗದಿಂದ ನೂರು ಗಜದಲ್ಲೇ ಆ ಕಮಾನನ್ನು ದೂರದಿಂದ ನೋಡುವ ತಾಣವಿದೆ. ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಸ್ವಲ್ಪವಾದರೂ ಒಳಗಿಳಿಯಬೇಕೆಂಬ ಆಸೆ ಇರುವವರು ಸೌತ್ ಕೈಬಾಬ್ ದಾರಿಯಲ್ಲಿ ‘ಊ ಆ ಪಾಯಿಂಟ್’ವರೆಗೆ, ಒಂದು ಕಡೆಗೆ 0.9 ಮೈಲಿ, ಬೆಳಗಿನ ಜಾವ ಹೋಗಿಬರಬಹುದು. ಆ ದಾರಿಯಲ್ಲಿ ನೀರು ಸಿಗುವುದಿಲ್ಲ ಎಂಬುದು ನೆನಪಿರಲಿ.

ಇನ್ನು ಆಕ್ಷೇಪಣೆಗಳಿಗೆ ಬರೋಣ. ‘ಅಷ್ಟು ದೂರ ಹೋಗಿ, ಅಷ್ಟು ದುಡ್ಡು ಸುರಿದು, ಮೇಲಿನಿಂದ ಇಣುಕಿ ಬರುವುದೇ? ನಿಜವಾದ ಕ್ಯಾನ್ಯನ್ ಇರುವುದು ತಳದಲ್ಲಿ’ ಎನ್ನುವವರಿದ್ದಾರೆ. ಆ ಆಸೆ ತಪ್ಪಲ್ಲ. ಆದರೆ ಕ್ಯಾನ್ಯನ್ ಓದಲು ಸಿಗುವುದು ಅಂಚಿನಲ್ಲಿ. ಒಂದು ಮೈಲಿಗೂ ಹೆಚ್ಚು ಆಳದ ಪದರಗಳು ಒಂದೇ ನೋಟಕ್ಕೆ ಬೀಳುವುದು ಅಲ್ಲಿಂದಲೇ. ಸೌತ್ ರಿಮ್‌ನಲ್ಲಿ ಯಾವಪೈ ಭೂವಿಜ್ಞಾನ ಸಂಗ್ರಹಾಲಯದಿಂದ ಹೊರಡುವ ‘ಟ್ರೇಲ್ ಆಫ್ ಟೈಮ್’ ಎಂಬ ಹಾಸಿದ ದಾರಿ ಇದೆ. ಅಲ್ಲಿ ಒಂದು ಮೀಟರ್ ಎಂದರೆ ಹತ್ತು ಲಕ್ಷ ವರ್ಷ. ಮೀಟರಿಗೊಂದು ಕಂಚಿನ ಗುರುತು ನೆಲದಲ್ಲಿ ಕೂರಿಸಿದ್ದಾರೆ, ಯಾವ ಕಲ್ಲಿಗೆ ಎಷ್ಟು ವಯಸ್ಸೋ ಅಷ್ಟು ದೂರದಲ್ಲಿ ಆ ಕಲ್ಲನ್ನೇ ತಂದು ಇಟ್ಟಿದ್ದಾರೆ, ಮುಟ್ಟಿ ನೋಡಬಹುದು. ಅಂಚಿನ ಕೈಬಾಬ್ ಸುಣ್ಣಗಲ್ಲಿಗೆ ಸುಮಾರು 27 ಕೋಟಿ ವರ್ಷ. ವಿಷ್ಣುವಿನ ಹೆಸರು ಹೊತ್ತ ತಳದ ಕಪ್ಪು ಶಿಲೆಗೆ 175 ಕೋಟಿ ವರ್ಷದ ಆಸುಪಾಸು. ನಿಡಘಟ್ಟದಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ರಾಮನಗರದ ಬೆಟ್ಟಗಳಿವೆಯಲ್ಲ, ಆ ಊರಿನ ಹಳೆಯ ಹೆಸರಿನಿಂದಲೇ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ ಆ ಬಂಡೆಗೆ ಸುಮಾರು 250 ಕೋಟಿ ವರ್ಷ. ಕೊಲರಾಡೋ ನದಿ ಕೊರೆದು ತೆರೆದಿಟ್ಟ ತಳದ ಕಲ್ಲಿಗಿಂತ ಹಳೆಯ ಕಲ್ಲನ್ನು ನಮ್ಮ ಹಿರಿಯರು ಬಸ್ಸಿನ ಕಿಟಕಿಯಿಂದಲೇ ನೋಡುತ್ತ ಬಂದಿದ್ದಾರೆ. ಇದನ್ನು ಮೊಮ್ಮಕ್ಕಳಿಗೆ ಆ ಕಂಚಿನ ಗುರುತುಗಳ ಮೇಲೆ ನಡೆಸುತ್ತ ಹೇಳಿದರೆ, ಎರಡೂ ನೆಲಗಳ ವಯಸ್ಸು ಅವರ ಹೆಜ್ಜೆಯಲ್ಲೇ ಲೆಕ್ಕಕ್ಕೆ ಸಿಗುತ್ತದೆ. ತಳಕ್ಕೆ ಇಳಿದು ಏದುಸಿರು ಬಿಡುತ್ತಿರುವವರಿಗೆ ಅಷ್ಟು ವ್ಯವಧಾನ ಉಳಿಯುವುದಿಲ್ಲ.

‘ನಮ್ಮ ಹಿರಿಯರು ಗದ್ದೆ ಕೆಲಸ ಮಾಡಿದ ಗಟ್ಟಿ ಜೀವಗಳು, ಅಲಿಪಿರಿಯ ಮೂರೂವರೆ ಸಾವಿರ ಮೆಟ್ಟಿಲು ಹತ್ತಿ ತಿರುಪತಿ ತಿಮ್ಮಪ್ಪನ ದರ್ಶನ ಮಾಡಿದವರು, ಇದು ಯಾವ ಲೆಕ್ಕ’ ಎಂಬುದು ಇನ್ನೊಂದು ಮಾತು. ಅವರ ಕಸುವಿನ ಬಗ್ಗೆ ಅನುಮಾನವಿಲ್ಲ. ಆದರೆ ಅಲಿಪಿರಿಯಲ್ಲಿ ತಲೆಯ ಮೇಲೆ ಚಾವಣಿ ಇದೆ, ದಾರಿಯುದ್ದಕ್ಕೂ ಕುಡಿಯುವ ನೀರಿದೆ, ಅಂಗಡಿಗಳಿವೆ, ಹೆಜ್ಜೆಹೆಜ್ಜೆಗೂ ಜನರಿದ್ದಾರೆ. ಕುಸಿದರೆ ಹಿಡಿಯುವ ಕೈ ಹತ್ತಿರವಿದೆ. ಮರುಭೂಮಿಯ ದಾರಿಯಲ್ಲಿ ನಾವು ಹೊತ್ತುಕೊಂಡು ಹೋದದ್ದಷ್ಟೇ ಉಂಟು, ಫೋನಿಗೂ ಹಲವು ಕಡೆ ಸಿಗ್ನಲ್ ಇರುವುದಿಲ್ಲ. 2024ರ ಜುಲೈನಲ್ಲಿ ಕ್ಯಾನ್ಯನ್‌ಲ್ಯಾಂಡ್ಸ್‌ನ ಒಂದು ಉದ್ದದ ಕಠಿಣ ಹಾದಿಯಲ್ಲಿ ದಾರಿ ತಪ್ಪಿ, ನೀರು ಮುಗಿದು, 100 ಡಿಗ್ರಿ ದಾಟಿದ ಬಿಸಿಲಿನಲ್ಲಿ ತಂದೆ ಮಗಳಿಬ್ಬರೂ ತೀರಿಕೊಂಡರು. ವಯಸ್ಸಿನಲ್ಲಿ ಚಿಕ್ಕವಳಾಗಿದ್ದದ್ದು ಮಗಳನ್ನೂ ಕಾಪಾಡಲಿಲ್ಲ. ಇದನ್ನು ಹೆದರಿಸಲೆಂದು ಹೇಳುತ್ತಿಲ್ಲ. ಗಟ್ಟಿತನ ನೀರಿಗೆ ಬದಲಾಗಲಾರದು ಎಂದಷ್ಟೇ ಹೇಳುತ್ತಿದ್ದೇನೆ.

ಇಕ್ಕಟ್ಟಾದ ಕಮರಿಗಳ ಬಗ್ಗೆ ಒಂದು ಮಾತನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಅಲ್ಲಿ ದಾರಿ ಗಿಡ್ಡದಾಗಿದ್ದರೂ ಅಪಾಯ ಗಿಡ್ಡದಲ್ಲ. 2015ರ ಸೆಪ್ಟೆಂಬರ್ 14ರಂದು ಜಯಾನ್‌ನ ಕೀಹೋಲ್ ಕಮರಿಯಲ್ಲಿ ದಿಢೀರ್ ಪ್ರವಾಹಕ್ಕೆ ಏಳು ಜನ ಬಲಿಯಾದರು. 1997ರ ಆಗಸ್ಟ್‌ನಲ್ಲಿ ಅರಿಜೋನಾದ ಆಂಟಲೋಪ್ ಕಮರಿಯಲ್ಲಿ ಹನ್ನೊಂದು ಜನ ಕೊಚ್ಚಿಹೋದದ್ದು ಮೈಲಿಗಳಾಚೆ ಸುರಿದ ಮಳೆಗೆ. ಮಳವಳ್ಳಿ ಕಡೆಯವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಶಿವನಸಮುದ್ರದಲ್ಲಿ ಒಂದು ಹನಿ ಬೀಳದಿದ್ದರೂ ಕೊಡಗಿನಲ್ಲಿ, ವಯನಾಡಿನಲ್ಲಿ ಮಳೆ ಹಿಡಿದು ಜಲಾಶಯಗಳು ತುಂಬಿದರೆ ಭರಚುಕ್ಕಿ, ಗಗನಚುಕ್ಕಿ ಜಲಪಾತಗಳು ಭೋರ್ಗರೆಯುತ್ತವೆ. ಮುತ್ತತ್ತಿ, ಮೇಕೆದಾಟಿನ ಬಂಡೆಗಳ ನಡುವಿನ ಸುಳಿಯನ್ನು ನಂಬಬಾರದೆಂದು ಆ ಕಡೆಯ ಮನೆಗಳಲ್ಲಿ ಮಕ್ಕಳಿಗೆ ಮೊದಲೇ ಹೇಳಿಕೊಟ್ಟಿರುತ್ತಾರೆ. ತಲೆಯ ಮೇಲಿನ ಆಕಾಶ ನೋಡಿ ನದಿಯನ್ನು ಅಳೆಯಬಾರದೆಂಬ ಆ ತಿಳಿವಳಿಕೆಯನ್ನು ಯೂಟಾಕ್ಕೂ ಒಯ್ಯಬೇಕು. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಅಲ್ಲೂ ಮುಂಗಾರಿನಂಥ ಗುಡುಗು ಮಳೆಯ ಕಾಲ. ಬೆಳಗ್ಗೆ ಸಂದರ್ಶಕರ ಕೇಂದ್ರದಲ್ಲಿ ಪ್ರವಾಹದ ಮುನ್ಸೂಚನೆ ಕೇಳಿಯೇ ಇಕ್ಕಟ್ಟಿನ ಹಾದಿಗೆ ಕಾಲಿಡಬೇಕು.

ಉಳಿದದ್ದು ಹರೆಯದವರ ಮಾತು. ಹಿರಿಯರಿಗಾಗಿ ಅವರು ತಮ್ಮ ಸಾಹಸವನ್ನು ಬಿಡಬೇಕೇ? ಬೇಡ. ಜಯಾನ್‌ನ ಏಂಜಲ್ಸ್ ಲ್ಯಾಂಡಿಂಗ್ ಹತ್ತಬೇಕೆನ್ನುವವರು ಹತ್ತಲಿ. ಅದಕ್ಕೆ 2022ರ ಏಪ್ರಿಲ್‌ನಿಂದ ಮುಂಗಡ ಪರವಾನಗಿ ಬೇಕಾಗಿದೆ, ಆದ್ದರಿಂದ ಅದು ಹೇಗೂ ಮೊದಲೇ ಯೋಜಿಸಬೇಕಾದ ಕೆಲಸ. ನಸುಕಿನಲ್ಲಿ ಅವರು ಆ ಕಡೆ, ಉಳಿದವರು ಶಟಲ್ ಬಸ್ ಹಿಡಿದು ನದಿಯ ದಾರಿಗೆ, ಹನ್ನೊಂದರ ಹೊತ್ತಿಗೆ ಎಲ್ಲರೂ ಒಂದೆಡೆ. ಹೀಗೆ ಬೇರೆಯಾಗಿ ನಡೆಯುವುದು ಕುಟುಂಬ ಒಡೆದಂತಲ್ಲ. ಒಡೆಯುವುದು ಎಲ್ಲರನ್ನೂ ಒಂದೇ ಉದ್ದದ ದಾರಿಗೆ ಎಳೆದು, ಮುಂದಿನವರು ಕಾಯುತ್ತ ಸಿಡಿಮಿಡಿಗೊಂಡು, ಹಿಂದಿನವರು ಅಪರಾಧಿಗಳಂತೆ ನಡೆಯುವಾಗ. ಗಿಡ್ಡ ದಾರಿಗಳಲ್ಲಿ ಜನಸಂದಣಿ ಹೆಚ್ಚೆಂಬ ದೂರಿಗೂ ಉತ್ತರ ಸುಲಭ. ಸೂರ್ಯೋದಯದ ಹೊತ್ತಿಗೆ ಹೋದರೆ ಸಂದಣಿಯೂ ತಪ್ಪುತ್ತದೆ, ಬಿಸಿಲೂ ತಪ್ಪುತ್ತದೆ. ಬೇಸಿಗೆಯಲ್ಲಿ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಕ್ಯಾನ್ಯನ್‌ನೊಳಗೆ ನಡೆಯಬೇಡಿ ಎಂದು ಉದ್ಯಾನದವರೂ ಹೇಳುತ್ತಾರೆ. ಸಂದಣಿಯಿಂದ ಪಾರಾಗಲು ದಾರಿ ಬಿಟ್ಟು ಪಕ್ಕದ ಮರಳಿಗೆ ಇಳಿಯುವುದಂತೂ ಕೂಡದು. ಅಲ್ಲಿ ಕಪ್ಪಗೆ, ಗಂಟುಗಂಟಾಗಿ ಕಾಣುವ ಮೇಲ್ಪದರ ಕೊಳಕು ಮಣ್ಣಲ್ಲ, ಪಾಚಿ, ಕಲ್ಲುಹೂವು, ಸೂಕ್ಷ್ಮಜೀವಿಗಳು ಸೇರಿ ನೆಯ್ದ ಜೀವಂತ ಹೊದಿಕೆ. ಮಣ್ಣು ಗಾಳಿಗೆ ಹಾರದಂತೆ ಹಿಡಿದಿರುವುದು ಅದೇ. ಒಂದು ಹೆಜ್ಜೆಯ ಗಾಯ ಮಾಯಲು ದಶಕಗಳೇ ಬೇಕಾಗಬಹುದು.

ಆದ್ದರಿಂದ ಈ ಸಲ ಪ್ರವಾಸದ ಪಟ್ಟಿ ಬರೆಯುವಾಗ ದಿನಕ್ಕೆ ಒಂದೇ ಒಂದು ನಡಿಗೆಯನ್ನು ಮನಸಿಟ್ಟು ಆರಿಸಿ. ದೂರಕ್ಕಿಂತ ಮೊದಲು ಏರಿಳಿತ ನೋಡಿ, ಏರಿಳಿತದ ಜೊತೆಗೆ ನೆರಳು, ನೀರು, ಶೌಚಾಲಯ ಎಲ್ಲಿವೆ ನೋಡಿ. ಹಿಂತಿರುಗುವ ಜಾಗವನ್ನು ಹಿಂದಿನ ರಾತ್ರಿಯೇ, ಅಪ್ಪ ಅವ್ವಂದಿರನ್ನು ಕೂರಿಸಿಕೊಂಡು, ಅವರ ಬಾಯಿಂದಲೇ ಹೇಳಿಸಿ. ಮರುದಿನ ದಾರಿಯಲ್ಲಿ ಯಾರಿಗೆ ಎಷ್ಟೇ ಉತ್ಸಾಹ ಬಂದರೂ ಆ ಮಾತನ್ನು ಮೀರಬೇಡಿ. ಕ್ಯಾನ್ಯನ್‌ಗಳನ್ನು ಗೆಲ್ಲುವುದಕ್ಕೆ ಯಾರೂ ಊರಿನಿಂದ ಬಂದಿಲ್ಲ. ಮೂರು ತಲೆಮಾರು ಒಂದೇ ಕಲ್ಲಿನ ಮುಂದೆ ನಿಂತು, ಒಬ್ಬರಿಗೊಬ್ಬರು ತೋರಿಸುತ್ತ, ಕೇಳುತ್ತ, ಹೇಳುತ್ತ ನೋಡುವುದಕ್ಕೆ ಅವರು ಬಂದಿದ್ದಾರೆ. ಉಸಿರು ಉಳಿದಿರುವ ನಡಿಗೆಯಲ್ಲಿ ಮಾತ್ರ ಆ ಮಾತುಕತೆ ಸಾಧ್ಯ.